ಕೊಬ್ಬರಿ ಅಟ್ಟದ ಕೆಳಗಿನ ಮೇಣದ ಮೇಷ್ಟ್ರು

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವಳು ಊದಿ ಆರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆರಿದ ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕತ್ತು ತಾನಾಗಿ ಮೇಲಕ್ಕೆ ತಿರುಗಿತು. ಮೇಲಿದ್ದದ್ದು ಸಿಮೆಂಟಿನ ತಾರಸಿ. ಆದರೂ ಕಿಡಿ ಹಾರಿತೇ ಎಂದು ಕಣ್ಣು ಹುಡುಕಿತು. ಎಷ್ಟು ಹಳೆಯ ಭಯ ಅದು...

ಎಪ್ಪತ್ತರ ದಶಕದ ಕೊನೆ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಕ್ಕೆ ನಾನು ಕಾಲೂರಿದ್ದ ಹೊಸತು. ಅಪ್ಪ ಬಿಟ್ಟುಹೋದ ತೋಟವೇನೂ ಇರಲಿಲ್ಲ. ತುರುವೇಕೆರೆ, ಮಾಯಸಂದ್ರದ ಕಡೆಗೆಲ್ಲ ಸೈಕಲ್ ತುಳಿದು, ಕಾಯಿ ಚೌಕಾಸಿ ಮಾಡಿ ಕೊಂಡು, ಹೇಗೋ ಒಂದು ಹಳೆಯ ಹೆಂಚಿನ ಮನೆ ಮಾಡಿಕೊಂಡಿದ್ದೆ. ಬಿದಿರ ಗಳ ಹಾಸಿದ ಅದರ ಅಟ್ಟದ ತುಂಬ ಕಾಯಿ. ಸಿಪ್ಪೆ ಸಮೇತ ವರ್ಷದ ಹತ್ತಿರ ಅಲ್ಲೇ ಒಣಗಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅಂದರೆ ಕೊಬ್ಬರಿ ಆಯಿತು ಎಂದರ್ಥ. ಅಲ್ಲಿಯವರೆಗೆ ತೇವ ತಾಗಬಾರದು, ಕಿಡಿಯಂತೂ ಸುಳಿಯಲೇಬಾರದು. ನನ್ನ ಬದುಕೆಲ್ಲ ಆ ಅಟ್ಟದ ಮೇಲಿತ್ತು. ಕೆಳಗಿನ ಕೋಣೆಯನ್ನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟೆ. ಇನ್ನೂ ಮದುವೆಯಾಗದ ಒಂಟಿ ಮನುಷ್ಯ. ಮನೆ ಬಾಡಿಗೆಗೆ ಕೊಡುವವರಿಗೆ ನನ್ನದೊಂದು ಮಾತು: ಬರುವವನ ಸಂಬಳ ಕೇಳುವ ಮೊದಲು, ಕೆಲಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ಏನು ಮಾಡುತ್ತಾನೆಂದು ಕೇಳಿ.

ಮೇಷ್ಟ್ರು ಮೇಣದಲ್ಲಿ ಚಿತ್ರ ಬರೆಯುತ್ತಿದ್ದರು. ಹುಳಿಯಾರು ಕಡೆಯಿಂದ ತರಿಸಿದ ಜೇನುಮೇಣವನ್ನು ಇದ್ದಿಲೊಲೆಯ ಮೇಲೆ ಕರಗಿಸಿ, ರಾಳ ಬೆರೆಸಿ, ಬಣ್ಣದ ಪುಡಿ ಕಲಸಿ, ಬಿಸಿ ಆರುವ ಮೊದಲೇ ಹಲಗೆಗೆ ಬಳಿಯುವುದು. ಒಂದು ಪದರ ಇನ್ನೊಂದಕ್ಕೆ ಕಚ್ಚಿಕೊಳ್ಳಲು ಮೇಲಿಂದ ಮತ್ತೆ ಶಾಖ ಕೊಡಬೇಕು. ಅದಕ್ಕೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಆಡಿಸುತ್ತಿದ್ದರು. ಗಾಳಿಗೆ ಮೇಣ ಬೇಗ ಗಟ್ಟಿಯಾಗುತ್ತದೆಂದು ಕಿಟಕಿ ಬಾಗಿಲು ಮುಚ್ಚಿಕೊಂಡೇ ಕೆಲಸ. ಮೊದಲ ಹಲಗೆಗಳೆಲ್ಲ ಬಿರುಕು ಬಿಟ್ಟವು. ಆಮೇಲೆ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಹತ್ತು ಜನರ ಚಿತ್ರಗಳ ನಡುವೆ ಇವರದೂ ಎರಡನ್ನು ತೂಗುಹಾಕಿದರು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು.

"ಬಾಡಿಗೆ ಆಸೆಗೆ ಮನೆಯೊಳಗೇ ಕೊಳ್ಳಿ ಮಡಿಕ್ಕೊಂಡಿದೀರಲ್ಲ ಕಣ್ರೀ," ಎಂದು ನನ್ನ ಹೆಂಡತಿ ದಿನಾ ಚುಚ್ಚುತ್ತಿದ್ದಳು.

ಮೂರನೆಯ ವರ್ಷ ಅವರೊಬ್ಬರದೇ ಪ್ರದರ್ಶನಕ್ಕೆ ದಿನ ಗೊತ್ತಾಯಿತು. ಮೇಷ್ಟ್ರು ಒಂದು ಬ್ಲೋ ಲ್ಯಾಂಪ್ ಹೊತ್ತು ತಂದರು. ಪಂಪು ಹೊಡೆದು ಹಚ್ಚಿದರೆ ಬೆಂಕಿ ನೇರವಾಗಿ ಚಿಮ್ಮುವ ಸೀಮೆಎಣ್ಣೆ ದೀಪ.

"ಇದೊಂದು ಬುಡಿ ಮೇಷ್ಟ್ರೇ. ಪೆಟ್ಟಿಗೇಲೇ ಉಜ್ಜಿ."

"ಪೆಟ್ಟಿಗೇಲಿ ಉಜ್ಜಿದ್ರೆ ಚಿತ್ರ ಇಸ್ತ್ರಿ ಮಾಡಿದ ಪಂಚೆ ಆಗೋಯ್ತದೆ ಯಜಮಾನ್ರೇ. ಬಣ್ಣ ಒಂದಕ್ಕೊಂದು ಹರೀಬೇಕು."

ನಾನು ಚೌಕಾಸಿಯವನು. ಬೇಡ ಎನ್ನುವುದಕ್ಕಿಂತ ಷರತ್ತು ಹಾಕುವುದು ಮೇಲು. ಕೊಬ್ಬರಿ ಇಳಿಸಿ ಮಾರಿದ ಮೇಲೆ, ಹೊಸ ಕಾಯಿ ಹತ್ತಿಸುವವರೆಗೆ ಅಟ್ಟ ಖಾಲಿ ಇರುತ್ತದೆ. ಆ ದಿನಗಳಲ್ಲಿ ಮಾತ್ರ ಲ್ಯಾಂಪ್ ಹಚ್ಚಬಹುದು ಎಂದೆ. ಒಪ್ಪಿದರು.

ಆದರೆ ಆ ವರ್ಷ ಕೊಬ್ಬರಿಯ ರೇಟು ಸಂತೆಯಿಂದ ಸಂತೆಗೆ ಏರುತ್ತಲೇ ಹೋಯಿತು. ಏರುವ ಮಾಲನ್ನು ಯಾರಾದರೂ ಇಳಿಸುತ್ತಾರೆಯೇ? ಪ್ರತಿ ಸಂತೆಯ ಸಂಜೆ ಮೇಷ್ಟ್ರು ಜಗಲಿಯಲ್ಲಿ ಕಾದು ಕೂತಿರುತ್ತಿದ್ದರು. "ಕೊಟ್ರಾ?"

"ಇನ್ನೂ ಏರ್ತದೆ, ತಡೀರಿ."

"ನಿಮ್ಮ ರೇಟು ಏರ್ತಾ ಐತೆ, ನನ್ನ ದಿನ ಇಳೀತಾ ಐತೆ."

ಮಂಡಿಯಲ್ಲಿ ಜೊತೆಯವರು ನಗುತ್ತಿದ್ದರು: "ನಿನ್ನ ಮೇಷ್ಟ್ರು ರೇಟು ಬೀಳ್ಲಿ ಅಂತ ಹರಕೆ ಹೊತ್ತವ್ರಂತೆ ಕಣ್ಲಾ."

ಒಂದು ಮಧ್ಯಾಹ್ನ ಮನೆಗೆ ಬರುತ್ತಿದ್ದೇನೆ, ಬೀದಿಯ ತಿರುವಿಗೇ ಬುಸ್ಸೆನ್ನುವ ಸದ್ದು ಕೇಳಿಸಿತು. ಓಡಿದೆ. ಬಾಗಿಲು ತಳ್ಳಿದರೆ ಅವರ ಬೆನ್ನು, ಅದರಾಚೆ ನೀಲಿ ಉರಿ. ಅಟ್ಟದ ಅಡಿಗೆ ಒದ್ದೆ ಗೋಣಿಚೀಲಗಳನ್ನು ಕಟ್ಟಿದ್ದರು, ಬೆಂಕಿಗೆ ತಡೆ ಎಂದು. ಅವುಗಳ ತೇವ ಮೇಲೆ ಏರಿದರೂ ನನ್ನ ಕೊಬ್ಬರಿಗೆ ಬೂಷ್ಟು ಹಿಡಿಯುತ್ತಿತ್ತು. ಯಾವುದಕ್ಕೆ ಹೆದರಲಿ? ಕೂಗಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಬೆಚ್ಚಿ ಕೈ ಎತ್ತಿಬಿಟ್ಟರೆ... ಚೀಲಗಳ ಸಂದಿನಿಂದ ತೆಂಗಿನ ನಾರು ಇಳಿಬಿದ್ದಿತ್ತು, ಬಿಸಿಗೆ ಅಲುಗುತ್ತಿತ್ತು. ಒಂದು ಎಳೆ ಕಳಚಿ ಉರಿಯ ಹತ್ತಿರ ಬಂದು, ಕೆಂಪಗೆ ಸುರುಟಿ ನೆಲಕ್ಕೆ ಬಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದೆ.

ಬೇರೆ ದಾರಿಯಿಲ್ಲದೆ ಹಲಗೆ ನೋಡಿದೆ. ಕಪ್ಪು ಮೇಣ ಕಂದು ಬಣ್ಣದೊಳಕ್ಕೆ ಹರಿಯುತ್ತಿತ್ತು. ಅಡ್ಡಡ್ಡ ಗಳ, ಗಳದ ಸಂದಿಗಳಲ್ಲಿ ಒತ್ತೊತ್ತಾಗಿ ಕೆಳಗೆ ಜಗ್ಗುವ ಉಂಡೆಗಳು. ಅದು ನನ್ನ ಅಟ್ಟ, ಕೆಳಗೆ ಮಲಗಿದವನಿಗೆ ಕಾಣುವ ಹಾಗೆ.

ಲ್ಯಾಂಪ್ ಆರಿಸಿ ಮೇಷ್ಟ್ರು ತಿರುಗಿದರು. "ಬೈಯಿರಿ," ಎಂದರು.

"ಹೆದರಿಕೆ ಆಗ್ಲಿಲ್ವಾ ನಿಮ್ಗೆ?"

"ಮೂರು ವರ್ಷದಿಂದ ಮಲಗಿದಾಗೆಲ್ಲ ಈ ಅಟ್ಟ ಎದೆ ಮೇಲೆ ಬಿದ್ದಂಗಾಯ್ತದೆ ಯಜಮಾನ್ರೇ. ಅದನ್ನೇ ಬರ್ದೆ."

ತಿಂಗಳ ಕೊನೆಗೆ ಮನೆ ಬಿಡಿ ಎಂದೆ. ಈಗ ಕೇಳಿದರೂ ಅದೇ ಹೇಳುತ್ತೇನೆ. ಅವರೂ ಬೇಸರಿಸಲಿಲ್ಲ. ಹೋಗುವಾಗ, "ಚಿತ್ರದ ಬೆಲೆ ನೀವಾಗಿ ಹೇಳ್ಬೇಡಿ, ಕೊಳ್ಳೋನ ಬಾಯಲ್ಲಿ ಹೇಳ್ಸಿ," ಎಂದು ಬುದ್ಧಿ ಹೇಳಿ ಕಳಿಸಿದೆ. ಪ್ರದರ್ಶನದಲ್ಲಿ ಮೊದಲು ಮಾರಾಟವಾದದ್ದು ಆ ಅಟ್ಟದ ಹಲಗೆಯಂತೆ. ಮೇಷ್ಟ್ರು ಕೆಲಸ ಬಿಟ್ಟರು, ಬೆಂಗಳೂರಿನಲ್ಲಿ ಒಂದು ಶೆಡ್ ಹಿಡಿದರು, ಮದುವೆಯಾದರು. ಅವರ ಚಿತ್ರಗಳು ಬೊಂಬಾಯಿಗೂ ಹೋದವು. ಯುಗಾದಿಗೆ ಒಂದು ಕಾರ್ಡು ಬರುತ್ತಿತ್ತು, ಕ್ರಮೇಣ ಅದೂ ನಿಂತಿತು...

ಹುಟ್ಟುಹಬ್ಬದ ಮಾರನೆಯ ದಿನ ಅವರಿವರನ್ನು ಕೇಳಿ ನಂಬರು ಹುಡುಕಿ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು. ಮೇಷ್ಟ್ರು ತೀರಿಹೋಗಿ ಎರಡು ವರ್ಷವಾಗಿತ್ತು.

"ಬೆಂಕಿಯಿಂದ ಒಂದು ದಿನಾನೂ ಏನೂ ಆಗ್ಲಿಲ್ಲ ಕಣ್ರೀ," ಎಂದರು ಆಯಮ್ಮ. "ತಿಪಟೂರಲ್ಲಿ ಕಲ್ತ ಹೆದರಿಕೆ ಅಂತ ನಗೋರು. ಪಕ್ಕದಲ್ಲಿ ಯಾವಾಗ್ಲೂ ಮರಳಿನ ಬಕೆಟ್ಟು. ಆದ್ರೆ ಮೇಣದ ಹೊಗೆ ಹೋಗಿ ಎದೆಯೊಳಗೆ ಕೂತಿತ್ತು. ಡಾಕ್ಟ್ರು ಹೇಳೋ ಹೊತ್ತಿಗೆ ತಡ ಆಗಿತ್ತು."

ಯಾರಿಗಾದರೂ ಒಂದು ಬುದ್ಧಿಮಾತು ಹೇಳದೆ ನಾನು ಫೋನ್ ಇಟ್ಟವನಲ್ಲ. ಅವತ್ತು ಬುದ್ಧಿ ಹೇಳುವ ಬದಲು ಎದ್ದು ಕಿಟಕಿ ತೆರೆದೆ. ಆ ಕಡೆಯಿಂದ ಆಯಮ್ಮನೇ, "ಊಟ ಆಯ್ತಾ?" ಎಂದು ಕೇಳಿದರು.