ಮೊದಲು ಸಿಕ್ಕ ಮೀನು

ನಮ್ಮ ಸಿಂಗಾಪುರ ಬಡಾವಣೆಯ ಅರ್ಧ ಮನೆಗಳ ಗೇಟುಗಳನ್ನು ವೆಲ್ಡಿಂಗ್ ಮಾಡಿದವನು ನನ್ನ ಗೆಳೆಯ ಖಾದರ್ ಬಾಷಾ. ಭಾನುವಾರ ಮಾತ್ರ ಯಾರು ಬಂದು ಕರೆದರೂ ಅಂಗಡಿ ತೆಗೆಯುತ್ತಿರಲಿಲ್ಲ; ನಾವಿಬ್ಬರೂ ಗಾಳ ಹಿಡಿದು ಕೆರೆಗೆ ಹೋಗುತ್ತಿದ್ದೆವು. ಅವನದೊಂದು ಕಟ್ಟಳೆಯಿತ್ತು: ಮೊದಲು ಸಿಕ್ಕ ಮೀನನ್ನು ನೀರಿಗೇ ಬಿಡಬೇಕು. ಹಾಗೆ ಬಿಟ್ಟರೆ ಕೆರೆ ನಮ್ಮನ್ನು ಮತ್ತೆ ಕರೆಸಿಕೊಳ್ಳುತ್ತದೆ ಎನ್ನುತ್ತಿದ್ದ. ಒಮ್ಮೆ ದಪ್ಪನೆಯ ಕೊರಮೀನೊಂದನ್ನು ಬಿಡುವುದಿಲ್ಲವೆಂದು ನಾನು ಹಟ ಹಿಡಿದಾಗ, ಕಿತ್ತುಕೊಂಡು ತಾನೇ ಬಿಟ್ಟಿದ್ದ. ಆ ಸಿಟ್ಟಿಗೆ ನಾನು ಎಷ್ಟೋ ದಿನ ಅವನ ಅಂಗಡಿ ಕಡೆ ತಲೆ ಹಾಕಿರಲಿಲ್ಲ.

ಈ ಸಲ ಅವನನ್ನು ಕೆರೆಗೆ ಆಟೋದಲ್ಲಿ ಕರೆತಂದೆ. ಇನ್ನು ಔಷಧಿಯಿಂದ ಪ್ರಯೋಜನವಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಎಷ್ಟು ಸಲೀಸಾಗಿ ಹೇಳಿಬಿಡುತ್ತಾರೆ, ಹಾಳಾದವರು! ಎರೆಹುಳು ಸಿಕ್ಕಿಸಲು ಹೋಗಿ ಎರಡು ಸಲ ಬೀಳಿಸಿದ, ಕೊನೆಗೆ ನಾನೇ ಸಿಕ್ಕಿಸಿಕೊಟ್ಟೆ. ಬಿಸಿಲೇರಿದರೂ ನೀರಿನ ಮೇಲಿನ ಬೆಂಡು ಅಲುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಟ್ಟನೆ ಮುಳುಗಿತು. ಇಬ್ಬರೂ ಸೇರಿ ಎಳೆದೆವು. ಅಂಗೈಯಗಲದ ಜಿಲೇಬಿ ಮೀನು.

ಅದರ ಬಾಯಿಂದ ಗಾಳ ಬಿಡಿಸಿ, ನೀರಿಗೆ ಬಿಡಲೆಂದು ಬಗ್ಗಿದೆ. ಖಾದರ್ ನನ್ನ ತೋಳು ಹಿಡಿದುಕೊಂಡ.

“ಬಿಡ್ಬೇಡ ಮುನಿರಾಜು. ಚೀಲಕ್ಕೆ ಹಾಕು.”

“ತಲೆ ಕೆಟ್ಟಿದ್ಯೇನೋ ನಿಂಗೆ? ಮೊದಲ್ನೇದು ಕಣೋ ಇದು!” ಎಂದು ರೇಗಿದೆ.

“ಗೊತ್ತು ಕಣೋ,” ಎಂದವನೇ ಗಾಳದ ದಾರ ಸುತ್ತತೊಡಗಿದ.