ಲೈಟ್ನಿಂಗ್ ಕಾಲ್

ಸಂಜೆ ಐದರೊಳಗೆ ಬೆಂಗಳೂರಿನ ಕಚೇರಿಗೆ ಒಪ್ಪಿಗೆ ತಿಳಿಸದಿದ್ದರೆ ನನ್ನ ನೌಕರಿ ಬೇರೆಯವರ ಪಾಲಾಗುತ್ತಿತ್ತು. ಬೈಲಹೊಂಗಲದ ಅಂಚೆ ಕಚೇರಿಯಲ್ಲಿ ಬೆಳಿಗ್ಗೆಯೇ ಟ್ರಂಕ್ ಕಾಲ್ ಬುಕ್ ಮಾಡಿ ಕುಳಿತಿದ್ದೆ. ನಮ್ಮ ಮನೆಯವರು ಯಾರೂ ಅಲ್ಲಿಯವರೆಗೆ ಫೋನ್ ಮುಟ್ಟಿರಲಿಲ್ಲ. ನಾನು ಆರ್ಡಿನರಿ ಎಂದು ಬರೆಸಿದ್ದೆ. ಆಮೇಲೆ ಬಂದ ಹತ್ತಿ ವ್ಯಾಪಾರಿಗಳು ಅರ್ಜೆಂಟ್ ಎಂದು ಬರೆಸಿ, ನನಗಿಂತ ಮೊದಲೇ ಮಾತಾಡಿ ಹೋಗುತ್ತಿದ್ದರು. ನಾನು ಏಳುತ್ತಿದ್ದೆ, ಗಡಿಯಾರ ನೋಡಿ ಮತ್ತೆ ಕೂರುತ್ತಿದ್ದೆ. ನಾಲ್ಕೂವರೆಗೆ ತಡೆಯಲಾಗಲಿಲ್ಲ.

“ನಂದೂ ಅರ್ಜೆಂಟ್ ಮಾಡ್ರಿ,” ಎಂದೆ ಆಪರೇಟರ್‌ಗೆ.

“ಅದರಾಗೂ ಪಾಳಿ ಐತ್ರಿ ಅಕ್ಕಾರ. ಎಲ್ಲಾರಕಿಂತ ಮುಂದ ಹೋಗಾಕ ಎಂಟು ಪಟ್ಟು ರೊಕ್ಕ ಕೊಟ್ಟು ಲೈಟ್ನಿಂಗ್ ಕಾಲ್ ಮಾಡಬೇಕು. ಅದನ್ನ ಮಂತ್ರಿಗಳು ಮಾಡ್ತಾರ.”

“ಬಿ.ಎ. ಆದವ್ರು ಮಾಡಬಾರದಂತ ಐತೇನ್ರಿ? ಹಚ್ರಿ!”

ವ್ಯಾಪಾರಿಗಳು ನಕ್ಕರು. ಐದಕ್ಕೆ ಸ್ವಲ್ಪ ಮೊದಲು ಲೈನ್ ಸಿಕ್ಕಿತು. “ಬರತೇನ್ರಿ!” ಎಂದು ಕೂಗಿದೆ. ಆ ಕಡೆಯವರು ಯಾರೆಂದು ಕೇಳಿದ ಮೇಲೆ ಹೆಸರು ಹೇಳಿದೆ.