ಎಲ್ಲರ ಯಂತ್ರಕ್ಕೆ ಒಬ್ಬಳೇ ಅಕ್ಕ

ವಿಶ್ವವಿದ್ಯಾಲಯದ ಗಣಿತ ವಿಭಾಗದ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಕೋಣೆ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಅದರೊಳಗೆ ಹೋಗುವವರು ಸ್ವೆಟರ್ ಹಾಕಿಕೊಂಡೇ ಹೋಗಬೇಕು. ಕಬ್ಬಿಣದ ಚೌಕಟ್ಟುಗಳಲ್ಲಿ ಅರವತ್ತನಾಲ್ಕು ಕಂಪ್ಯೂಟರುಗಳು ಒಂದರ ಮೇಲೊಂದು ಮಲಗಿಕೊಂಡು ಗುಂಯ್ ಎನ್ನುತ್ತಿದ್ದವು. ಒಂದೇ ಕಂಪ್ಯೂಟರಿಗೆ ಕೊಟ್ಟರೆ ವರ್ಷ ಹಿಡಿಯುವ ಲೆಕ್ಕವನ್ನು ಇವು ತಮ್ಮೊಳಗೆ ಹಂಚಿಕೊಂಡು ವಾರದಲ್ಲಿ ಮುಗಿಸಿಕೊಡುತ್ತಿದ್ದವು. ಕ್ಲಸ್ಟರ್ ಅಂತ ಅದಕ್ಕೆ ಹೆಸರು. ಯಾವ ವಿಭಾಗದವರು ಬೇಕಾದರೂ ತಮ್ಮ ಲೆಕ್ಕ ಕಳಿಸಬಹುದಿತ್ತು, ಸರತಿ ಬರುವವರೆಗೆ ಕಾಯುವ ತಾಳ್ಮೆಯೊಂದಿದ್ದರೆ ಸಾಕು. ಆ ಸರತಿಯನ್ನು ನೋಡಿಕೊಳ್ಳುತ್ತಿದ್ದವಳನ್ನು ಇಡೀ ವಿಶ್ವವಿದ್ಯಾಲಯ ಕ್ಯೂ ಅಕ್ಕ ಎಂದೇ ಕರೆಯುತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಪ್ರಯೋಗಾಲಯದ ಸಹಾಯಕಿಯಾಗಿ ಸೇರಿದಾಗ ಅಲ್ಲಿ ಕ್ಲಸ್ಟರೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಗುಜರಿಗೆ ಹೋಗಬೇಕಿದ್ದ ಎಂಟು ಕಂಪ್ಯೂಟರುಗಳನ್ನು ಬೇಡಿ ತಂದು, ಪುಸ್ತಕ ಓದಿಕೊಂಡು, ತಂತಿ ಎಳೆದು ಒಂದಕ್ಕೊಂದು ಜೋಡಿಸಿದವಳು ಅವಳೇ. ಅವು ಮೊದಲ ಸಲ ಒಟ್ಟಿಗೆ ಲೆಕ್ಕ ಮಾಡಿ ಮುಗಿಸಿದ ದಿನ, ಅದೇ ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಗಂಡನನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ್ದಳು. ಅವನು ಎಂಟೂ ಪೆಟ್ಟಿಗೆಗಳನ್ನು ನೋಡಿ, "ಎಲ್ಲಾ ಸರಿ, ಕೆಳಗಿನ ಸ್ಟ್ಯಾಂಡು ಓಲಾಡ್ತಿದೆಯಲ್ಲ ಮಾರಾಯ್ತಿ," ಎಂದು ಅದಕ್ಕೊಂದು ಬೋಲ್ಟು ಬಿಗಿದು ಹೋಗಿದ್ದ. ಅತ್ತೆಗಂತೂ ಸೊಸೆಯ ಕೆಲಸ ಏನೆಂದು ಕೊನೆಯವರೆಗೂ ಅರ್ಥವಾಗಲಿಲ್ಲ. ಅಕ್ಕಪಕ್ಕದವರು ಕೇಳಿದರೆ, "ಮಿಷನ್‌ಗಳಿಗೆ ಸೆಕೆ ಆಗದ ಹಾಗೆ ನೋಡ್ಕೊಳ್ಳೋಕೆ ಸಂಬಳ ಕೊಡ್ತಾರಂತೆ," ಎನ್ನುತ್ತಿದ್ದರು. ಅತ್ತೆ ಹೇಳಿದ್ದು ಅಷ್ಟೇನೂ ತಪ್ಪಲ್ಲ ಎಂದು ಕ್ಯೂ ಅಕ್ಕನಿಗೆ ಎಷ್ಟೋ ಸಲ ಅನ್ನಿಸಿತ್ತು.

ತೊಂದರೆ ಶುರುವಾದದ್ದು ಆಮೇಲೆ ಕೊಂಡ ಈ ಅರವತ್ತನಾಲ್ಕು ಯಂತ್ರಗಳಿಗೆ ಒಂಬತ್ತು ವರ್ಷ ತುಂಬಿದ ಮೇಲೆ. ಅರವತ್ತನಾಲ್ಕರಲ್ಲಿ ಹತ್ತೊಂಬತ್ತು ಸತ್ತವು. ಒಂದರ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕಿ ಅವಳು ಹೇಗೋ ದಿನ ದೂಡುತ್ತಿದ್ದಳು. ಯಂತ್ರ ಕಮ್ಮಿಯಾಯಿತೇ ಹೊರತು ಕೇಳುವವರು ಕಮ್ಮಿಯಾಗಲಿಲ್ಲ. ಹಿಂದೆ ಅರ್ಧ ದಿನ ಕಾಯುತ್ತಿದ್ದವರು ಈಗ ಹನ್ನೆರಡು ದಿನ ಕಾಯಬೇಕಾಯಿತು.

ಕಾಯುವವರಲ್ಲಿ ಒಬ್ಬ ನರ್ಸ್ ಇದ್ದ. ಹದಿನೆಂಟು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು, ಸಂಬಳವಿಲ್ಲದ ರಜೆ ಹಾಕಿ ಸಂಶೋಧನೆಗೆ ಬಂದವನು. ಎದೆಯ ಎಕ್ಸ್‌ರೇ ನೋಡಿ ಶ್ವಾಸಕೋಶದ ಕಾಯಿಲೆಯನ್ನು ಮೊದಲೇ ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಅವನ ಕೆಲಸ. ರಜೆಯಲ್ಲಿ ಎಂಟು ತಿಂಗಳು ಮಾತ್ರ ಉಳಿದಿತ್ತು. ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತ.

"ಅಕ್ಕಾ, ನಂದು ಎಷ್ಟನೇದು?"

"ಹದಿನಾಲ್ಕನೇದು. ನಿನ್ನೆ ಹದಿನಾರಿತ್ತು."

"ಒಂದೊಂದು ತಿದ್ದುಪಡಿಗೂ ಹನ್ನೆರಡು ದಿನ ಕಾದ್ರೆ ನನ್ನ ರಜೆಯೆಲ್ಲ ಕಾಯೋದ್ರಲ್ಲೇ ಮುಗಿಯುತ್ತೆ ಅಕ್ಕಾ."

"ಗೊತ್ತಪ್ಪ. ಆದ್ರೆ ನಿನ್ನ ಮುಂದಿರೋ ಹದಿಮೂರು ಜನಾನೂ ಇದೇ ಮಾತು ಹೇಳಿದಾರೆ."

ವಾರ್ಡಿನಲ್ಲಿ ಇಂಥ ಮಾತನ್ನು ತಾನೇ ಎಷ್ಟು ಜನಕ್ಕೆ ಹೇಳಿದ್ದನೋ, ತಲೆಯಾಡಿಸಿ ಹೊರಟ. ಆಗಲೇ ಫೋನು ಬಂತು. ಹವಾಮಾನ ವಿಭಾಗದ ಮುಖ್ಯಸ್ಥರು; ಮೋಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದುದರಿಂದ ಎಲ್ಲರೂ ಅವರನ್ನು ಬೆನ್ನ ಹಿಂದೆ ಮೋಡದ ಮೇಷ್ಟ್ರು ಎನ್ನುತ್ತಿದ್ದರು.

"ಸೋಮವಾರ ಸಮ್ಮೇಳನ ಇದೆ. ನನ್ನ ಕೆಲಸ ಇವತ್ತೇ ಶುರುವಾಗ್ಲಿ."

"ಸರತಿ ಇದೆಯಲ್ಲ ಸರ್."

"ಸರತಿ ಹುಡುಗರಿಗಮ್ಮ."

ಕಾಲು ಗಂಟೆಯಲ್ಲಿ ಕುಲಸಚಿವರ ಕಚೇರಿಯಿಂದಲೇ ಆದೇಶ ಬಂತು. ಕ್ಯೂ ಅಕ್ಕ ಹಲ್ಲು ಕಚ್ಚಿಕೊಂಡು ಮೋಡಗಳನ್ನು ಮುಂದಕ್ಕೆ ತಂದಳು. ನರ್ಸ್ ಇನ್ನೂ ಐದು ದಿನ ಹಿಂದೆ ಸರಿದ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಎದುರಾದಾಗ ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಸಂಜೆ ಮನೆಗೆ ಹೋಗುವ ಮೊದಲು ಕುಲಸಚಿವರಿಗೆ ಒಂದು ಪತ್ರ ಬರೆದಳು. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಖಾರವಾಗಿ ಅವಳು ಯಾರಿಗೂ ಬರೆದಿರಲಿಲ್ಲ. ಯಂತ್ರಗಳು ಸಾಯುತ್ತಿವೆ, ಜನ ಕಾಯುತ್ತಿದ್ದಾರೆ, ದೊಡ್ಡವರಿಗೊಂದು ಸಣ್ಣವರಿಗೊಂದು ನಿಯಮ ಮಾಡಿ ನನ್ನ ಕೈಯಲ್ಲಿ ಅದನ್ನು ನಡೆಸಬೇಡಿ ಎಂದಿತ್ತು ಅದರಲ್ಲಿ.

ವಾರದೊಳಗೆ ಉತ್ತರ ಬಂತು: ಹಂಚಿಕೊಂಡು ಬಳಸುವ ಕಂಪ್ಯೂಟರ್ ವ್ಯವಸ್ಥೆಗೆ ಯಾವ ಯಾವ ದಾರಿಗಳಿವೆ, ಯಾವುದಕ್ಕೆ ಎಷ್ಟು ಖರ್ಚು, ತಾವೇ ವರದಿ ಸಲ್ಲಿಸುವುದು.

"ಬೆಂಕಿ ಬಿದ್ದಿದೆ ಅಂದ್ರೆ ನೀರಿಗೆಷ್ಟು ಖರ್ಚು ಅಂತ ಕೇಳ್ತಾರಲ್ಲ," ಎಂದು ಬಸ್ಸಿನಲ್ಲಿ ಗಂಡನ ಮುಂದೆ ಸಿಡಿದಳು.

"ಕೇಳಿದ್ರಲ್ಲ, ಅದೇ ದೊಡ್ಡದು," ಎಂದ ಅವನು. "ನಮ್ಮ ಲೇತ್ ಮಿಷನ್ನು ಕೆಟ್ಟು ಎರಡು ವರ್ಷ ಆಯ್ತು. ಏನಾಯ್ತು ಅಂತ ಕೇಳಿದ ನರಪಿಳ್ಳೆ ಇಲ್ಲ."

ಮೂರು ತಿಂಗಳು ಅವಳು ವಿಭಾಗದಿಂದ ವಿಭಾಗಕ್ಕೆ ತಿರುಗಿದಳು. ಹಂಚಿಕೊಳ್ಳಲು ಯಂತ್ರವಿಲ್ಲ ಎಂದು ಕೂಗುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಒಟ್ಟು ನೂರಾ ಮೂವತ್ತು ದೊಡ್ಡ ಯಂತ್ರಗಳು ಬೀಗ ಹಾಕಿದ ಕೋಣೆಗಳಲ್ಲಿ ಕುಳಿತಿದ್ದವು. ಸಂಶೋಧನೆಗೆ ಅನುದಾನ ಬಂದಾಗಲೆಲ್ಲ ಒಬ್ಬೊಬ್ಬರೂ ತಮಗೆ ತಮಗೆ ಅಂತ ಕೊಂಡಿದ್ದರು. ರಸಾಯನ ವಿಭಾಗದ ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ಕನ್ನೇ ತೆಗೆದಿರಲಿಲ್ಲ. ಮೇಲೆ ಒದ್ದೆ ಕೊಡೆಗಳನ್ನು ಬಿಚ್ಚಿ ಒಣಗಲಿಟ್ಟಿದ್ದರು. ಮೋಡದ ಮೇಷ್ಟ್ರ ಕೋಣೆಯಲ್ಲಿ ಹದಿನಾರು ಯಂತ್ರಗಳಿದ್ದವು. ವರ್ಷದಲ್ಲಿ ಎರಡು ತಿಂಗಳು ಅವು ಉಸಿರು ಕಟ್ಟುವಷ್ಟು ದುಡಿಯುತ್ತಿದ್ದವು, ಉಳಿದ ಹತ್ತು ತಿಂಗಳು ಕರೆಂಟು ತಿನ್ನುತ್ತಾ ಸುಮ್ಮನೆ ಕೂತಿರುತ್ತಿದ್ದವು.

ಅವಳು ಮೀಟರ್ ಹಿಡಿದು ಕರೆಂಟು ಅಳೆದಳು. ಯಂತ್ರದ ಬೆಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಬದುಕಿರುವ ಐದಾರು ವರ್ಷ ಅದಕ್ಕೆ ಬೇಕಾಗುವ ಕರೆಂಟು, ತಂಪು, ಜಾಗ, ನೋಡಿಕೊಳ್ಳುವ ಜನ, ಇದೆಲ್ಲ ಸೇರಿದರೆ ಯಂತ್ರದ ಬೆಲೆಯನ್ನೂ ಮೀರುತ್ತದೆ. ಮೂಗಿಗಿಂತ ಮೂಗುತಿಯೇ ಭಾರ. ಇಷ್ಟನ್ನು ತಿಳಿಸಲು ಹಣಕಾಸು ಅಧಿಕಾರಿಯ ಕೋಣೆಗೆ ಹೋದರೆ ಅವರು ಕುರ್ಚಿಯಲ್ಲಿ ಒರಗಿಕೊಂಡು, "ಕರೆಂಟು ಯಾಕಮ್ಮ ಸೇರಿಸ್ತೀರಿ? ಅದು ಫ್ರೀ," ಎಂದರು.

"ಫ್ರೀ ಹೇಗೆ ಸರ್?"

"ಬಿಲ್ಲು ಯೂನಿವರ್ಸಿಟಿ ಕಟ್ಟುತ್ತಲ್ಲ!"

"ನಾವು ಯಾರು ಸರ್ ಹಾಗಾದ್ರೆ?"

ಅವರು ನಕ್ಕರು. ಅವಳು ನಗಲಿಲ್ಲ.

ವರದಿ ಇಪ್ಪತ್ತಮೂರು ಪುಟವಾಯಿತು. ಮೂರು ದಾರಿ ತೋರಿಸಿದ್ದಳು. ಈಗಿನ ಹಾಗೆಯೇ ಅವರವರ ಯಂತ್ರ ಅವರವರು ಕೊಳ್ಳುವುದು ಒಂದು. ಅದೇ ಎಲ್ಲಕ್ಕಿಂತ ದುಬಾರಿ. ಎಲ್ಲರೂ ದುಡ್ಡು ಸೇರಿಸಿ ಒಂದೇ ಕೋಣೆಯಲ್ಲಿ ಯಂತ್ರ ಇಡುವುದು ಇನ್ನೊಂದು. ಹಾಕಿದವರಿಗೆ ಅವರ ಪಾಲಿನ ಮಟ್ಟಿಗೆ ಮೊದಲ ಹಕ್ಕು, ಅವರು ಬಳಸದಾಗ ಅದು ಊರಿಗೆಲ್ಲ. ಮೂರನೆಯದು ಹೊರಗಿನ ಕಂಪನಿಯಿಂದ ಗಂಟೆಗಿಷ್ಟು ಅಂತ ಬಾಡಿಗೆಗೆ ಪಡೆಯುವುದು. ಅಪರೂಪಕ್ಕೊಮ್ಮೆ ಬೇಕಾಗುವವರಿಗೆ ಬಾಡಿಗೆಯೇ ಲೇಸು, ವರ್ಷವಿಡೀ ದುಡಿಸುವವರಿಗೆ ಅದು ಬಿಳಿ ಆನೆ ಎಂದು ಬರೆದಿದ್ದಳು. ಹದಿನೇಳನೇ ಪುಟದಲ್ಲಿ ದಪ್ಪಕ್ಷರದ ಒಂದು ಎಚ್ಚರಿಕೆಯೂ ಇತ್ತು: ನಮ್ಮ ಮಾಹಿತಿಯನ್ನು ಕಂಪನಿಯ ಯಂತ್ರಕ್ಕೆ ಹಾಕಲು ದುಡ್ಡು ಕೊಡಬೇಕಿಲ್ಲ, ವಾಪಸ್ ತೆಗೆಯಲು ಕೊಡಬೇಕು, ಆಫ್ ಮಾಡದೆ ಬಿಟ್ಟ ಯಂತ್ರಕ್ಕೂ ಬಾಡಿಗೆ ಓಡುತ್ತಲೇ ಇರುತ್ತದೆ.

ಸಮಿತಿಯಲ್ಲಿ ಏಳು ಜನ. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಏಳೂ ಮಂದಿ ವರದಿಯ ಕೊನೆಯ ಪುಟಕ್ಕೆ ಹೋಗಿಬಿಟ್ಟಿದ್ದರು.

"ಒಂದೇ ಮಾತಲ್ಲಿ ಹೇಳಿ, ಯಾವುದು ಅಗ್ಗ?" ಎಂದರು ಹಣಕಾಸು ಅಧಿಕಾರಿ.

"ಯಾರ ಕೆಲಸ, ವರ್ಷಕ್ಕೆ ಎಷ್ಟು ಗಂಟೆ ಅನ್ನೋದರ ಮೇಲೆ ಹೋಗುತ್ತೆ ಸರ್. ನಮ್ಮ ಬಳಕೆಗೆ ಎರಡನೇದು..."

"ಎರಡನೇದಕ್ಕೆ ಈಗ್ಲೇ ದೊಡ್ಡ ಗಂಟು ಬೇಕು. ಬಾಡಿಗೆಗೆ ಈಗೇನೂ ಬೇಡವಲ್ಲ?"

"ಈಗ ಬೇಡ. ಆಮೇಲೆ..."

"ನನ್ನ ದುಡ್ಡಿನ ಯಂತ್ರ ಇನ್ನೊಬ್ಬರು ಮುಟ್ಟೋದು ನನಗೆ ಒಪ್ಪಿಗೆ ಇಲ್ಲ," ಎಂದರು ಮೋಡದ ಮೇಷ್ಟ್ರು. ಜೀವಶಾಸ್ತ್ರದ ಮೇಡಂ, "ಬಾಡಿಗೆಯಾದ್ರೆ ಕಾಯೋ ಗೋಳು ಇರಲ್ಲ," ಎಂದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆದು ಕೊನೆಗೆ ಬಂಡಿ ಬಾಡಿಗೆಯ ಕಡೆಗೇ ಉರುಳಿತು. ಹಣಕಾಸು ಅಧಿಕಾರಿ ಪೆನ್ನು ತೆಗೆದು, ಖರ್ಚಿನ ಪಟ್ಟಿಯಲ್ಲಿ 'ನೋಡಿಕೊಳ್ಳುವ ಸಿಬ್ಬಂದಿ' ಎಂಬ ಸಾಲಿನ ಮೇಲೆ ಗೀಟು ಎಳೆದರು. "ಬಾಡಿಗೆ ಅಂದ್ಮೇಲೆ ಇದು ಉಳಿತಾಯ."

ಆ ಸಾಲು ಎಂದರೆ ಅವಳೇ. ಎದುರಿಗೇ ಕೂತಿದ್ದಳು. ಯಾರಿಗೂ ಅದು ಹೊಳೆಯಲಿಲ್ಲ. ಅವಳು ಕಾಗದಗಳನ್ನು ಮೇಜಿಗೆ ಕುಟ್ಟಿ ಜೋಡಿಸಿಕೊಂಡಳು. ಆ ಉಳಿತಾಯ ಜಾರಿಗೆ ಬರುವುದು ವರ್ಷ ಮುಗಿದ ಮೇಲೆ, ಅಲ್ಲಿಯವರೆಗೆ ಹಳೆಯ ಯಂತ್ರಗಳ ಜೊತೆ ಅವಳೂ ಇರಬಹುದಿತ್ತು.

ಮುಂದಿನ ತಿಂಗಳು ಬಾಡಿಗೆಯ ಯಂತ್ರಗಳು ಬಂದವು. ಬಂದವು ಎಂದರೆ ಬಂದದ್ದು ಒಂದು ಪಾಸ್‌ವರ್ಡ್, ಅಷ್ಟೆ. ಮೊದಮೊದಲು ಎಲ್ಲರೂ ಖುಷಿಯಾದರು. ನರ್ಸ್ ಕೂಡ ಒಂದು ದಿನ ಬಂದು, "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಅಲ್ಲಿ ಕಾಯೋದೇ ಇಲ್ಲ," ಎಂದ. "ನಿನಗೆ ಒಳ್ಳೇದಾದ್ರೆ ನನಗೇನು ಬೇಜಾರು?" ಎಂದಳು. ಮನಸ್ಸಿನಿಂದಲೇ ಅಂದಿದ್ದಳು.

ಹನ್ನೊಂದನೇ ವಾರ ಎಲ್ಲ ನಿಂತುಹೋಯಿತು. ಇಡೀ ವರ್ಷಕ್ಕೆಂದು ಇಟ್ಟ ದುಡ್ಡು ಅಷ್ಟರಲ್ಲೇ ಖಾಲಿ. ಜೀವಶಾಸ್ತ್ರದವರು ಮಾಹಿತಿಯನ್ನೆಲ್ಲ ಮೂರು ಸಲ ಹಾಕಿ ಮೂರು ಸಲ ತೆಗೆದಿದ್ದರು. ಮೋಡದ ಮೇಷ್ಟ್ರ ವಿಭಾಗದವರು ನಲವತ್ತು ಯಂತ್ರಗಳನ್ನು ಆಫ್ ಮಾಡದೆ ರಜೆಗೆ ಹೋಗಿಬಿಟ್ಟಿದ್ದರು. ನರ್ಸಿನ ಕೊನೆಯ ಸುತ್ತಿನ ಲೆಕ್ಕ ಮುಕ್ಕಾಲು ಮುಗಿದಿತ್ತು, ಬಿಲ್ಲು ಕಟ್ಟದ ಹೊರತು ಅದನ್ನು ಹೊರಗೆ ತೆಗೆಯುವ ಹಾಗಿರಲಿಲ್ಲ. ಅವನ ರಜೆ ಮುಗಿಯಲು ಹದಿನೈದು ದಿನ ಉಳಿದಿತ್ತು.

ಕುಲಸಚಿವರು ಅವಳನ್ನು ಕರೆಸಿದರು. ಹಣಕಾಸು ಅಧಿಕಾರಿಯೂ ಅಲ್ಲೇ ಇದ್ದರು.

"ಇಂಥದ್ದಾಗುತ್ತೆ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಕುಲಸಚಿವರು.

ಅವಳು ವರದಿಯನ್ನು ಮೇಜಿನ ಮೇಲಿಟ್ಟು ಹದಿನೇಳನೇ ಪುಟ ತೆರೆದಳು. ಇಬ್ಬರೂ ಓದಿದರು.

"ಹದಿನೇಳನೇ ಪುಟದಲ್ಲಿ ಬರೆದ್ರೆ ಯಾರು ಓದ್ತಾರಮ್ಮ?" ಎಂದರು ಹಣಕಾಸು ಅಧಿಕಾರಿ.

"ಒಂದನೇ ಪುಟದಲ್ಲಿ ಬರೆದಿದ್ರೆ ಓದ್ತಿದ್ರಾ ಸರ್? ನೀವು ಶುರು ಮಾಡಿದ್ದೇ ಇಪ್ಪತ್ತಮೂರರಿಂದ." ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತ್ತು. "ನನ್ನ ಹೆಸರಿನ ಮೇಲೆ ಗೀಟು ಎಳೆಯೋಕೆ ಮಾತ್ರ ಸರಿಯಾದ ಪುಟ ಸಿಕ್ತು ನಿಮಗೆ."

ಕುಲಸಚಿವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೆಲ್ಲಗೆ, "ಹಳೇ ಯಂತ್ರಗಳು ಎಷ್ಟು ಓಡ್ತಿವೆ?" ಎಂದರು.

"ನಲವತ್ತೊಂದು."

ನೆಲಮಾಳಿಗೆಯ ಬಾಗಿಲಿಗೆ ಮತ್ತೆ ಜನ ಬಂದರು. ನರ್ಸಿನ ಕೆಲಸವನ್ನು ಮೊದಲಿಗೆ ಹಾಕಿಬಿಡೋಣವೇ ಎಂದು ಅವಳಿಗೆ ಆಸೆಯಾಯಿತು. ಅವನ ಮುಂದೆ ಇಪ್ಪತ್ತಾರು ಜನರಿದ್ದರು. ಅವಳೇ ಅವರಲ್ಲಿ ಒಬ್ಬೊಬ್ಬರಿಗೂ ಫೋನು ಮಾಡಿ ಕೇಳಿದಳು. ಹತ್ತೊಂಬತ್ತು ಜನ ಆಗಲಿ ಎಂದರು, ಏಳು ಜನ ಒಪ್ಪಲಿಲ್ಲ. ಅವನನ್ನು ಆ ಏಳು ಜನರ ಹಿಂದೆ, ಎಂಟನೆಯವನಾಗಿ ಸೇರಿಸಿದಳು. ಆದರೂ ಆ ಹಳೆಯ ಯಂತ್ರಗಳಲ್ಲಿ ಎಲ್ಲ ಮೊದಲಿಂದ ಮಾಡಿ ಮುಗಿಸಲು ಹದಿನೈದು ದಿನ ಸಾಲಲಿಲ್ಲ. ರಜೆ ಮುಗಿದು ಅವನು ವಾರ್ಡಿಗೆ ಮರಳಿದ. ಹೋಗುವ ದಿನ ಹೇಳಲು ಬಂದಾಗ, "ನಿಮ್ಮ ತಪ್ಪೇನೂ ಇಲ್ಲ ಅಕ್ಕಾ," ಎಂದ. ಯಾರದೆಂದು ಅವನೂ ಹೇಳಲಿಲ್ಲ. ಪಾಳಿಯ ನಡುವೆ ಬಿಡುವು ಮಾಡಿಕೊಂಡು ಪ್ರಬಂಧ ಮುಗಿಸಲು ಅವನಿಗೆ ಇನ್ನೊಂದು ವರ್ಷ ಹಿಡಿಯಿತು.

ಬೇಸಿಗೆಯಲ್ಲಿ ಮೋಡದ ಮೇಷ್ಟ್ರ ಕೋಣೆಯ ಏಸಿ ಕೆಟ್ಟು ಅವರ ಹದಿನಾರರಲ್ಲಿ ನಾಲ್ಕು ಯಂತ್ರಗಳು ಸುಟ್ಟುಹೋದವು. ಅವರು ತಾವಾಗಿಯೇ ನೆಲಮಾಳಿಗೆಗೆ ಇಳಿದು ಬಂದರು. ಸ್ವೆಟರ್ ಇರಲಿಲ್ಲ, ಕೈಕಟ್ಟಿಕೊಂಡು ನಡುಗುತ್ತಾ ನಿಂತರು.

"ಉಳಿದ ಹನ್ನೆರಡನ್ನ ಇಲ್ಲಿಡಬಹುದಾ?"

"ಇಡಬಹುದು ಸರ್. ನೀವು ಬಳಸದಾಗ ಬೇರೆಯವರು ಬಳಸ್ತಾರೆ. ನಿಮಗೆ ಬೇಕಾದಾಗ ನಿಮ್ಮ ಹನ್ನೆರಡು ನಿಮಗೆ. ಅದರ ಮೇಲೆ ಒಂದು ಬೇಕಂದ್ರೂ ಸರತಿ."

"ಅದೇ ಎರಡನೇ ದಾರಿನಾ?"

"ಅದೇ."

ಅವರು ಸಹಿ ಹಾಕಿದರು. ಜೀವಶಾಸ್ತ್ರದ ಮೇಡಂ ತಮ್ಮ ಮುಂದಿನ ಅನುದಾನದಿಂದ ಪಾಲು ಹಾಕುವುದಾಗಿ ಹೇಳಿದರು. ರಸಾಯನದವರು ಕೊಡೆ ಒಣಗಿಸಲು ಬೇರೆ ಜಾಗ ಇಲ್ಲ ಎಂದರು. ಕುಲಸಚಿವರು ಅವಳು ಕೇಳಿದ ಮೂವತ್ತು ಹೊಸ ಯಂತ್ರಗಳ ಬದಲು ಹನ್ನೊಂದನ್ನು ಮಂಜೂರು ಮಾಡಿದರು. ಜೊತೆಗೆ ಕೇಳಿದ್ದ ಒಬ್ಬ ಕೈಯಾಳಂತೂ ಸಿಗಲಿಲ್ಲ. ಗೀಟು ಎಳೆದ ಸಾಲನ್ನು ಮತ್ತೆ ಬರೆದು ಕಳಿಸಿದ್ದರು. ಅದರ ಎದುರಿನ ಸಂಬಳ ಮಾತ್ರ ಹಳೆಯದೇ.

ಹೊಸ ಯಂತ್ರಗಳ ರಟ್ಟಿನ ಡಬ್ಬಗಳು ಒಂದು ಗುರುವಾರ ಬಂದವು. ಬಿಚ್ಚಿ ನೋಡಿದರೆ ಅವನ್ನು ಚೌಕಟ್ಟಿಗೆ ಕೂರಿಸುವ ಕಬ್ಬಿಣದ ಪಟ್ಟಿಗಳು ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚು ಉದ್ದ. ಕಂಪನಿಗೆ ಫೋನು ಮಾಡಿದರೆ ಬದಲಾಯಿಸಲು ಆರು ವಾರ ಎಂದರು. ಅವಳು ಡಬ್ಬದ ಮೇಲೆ ಕುಕ್ಕರಿಸಿ, ಬಾಯಿಗೆ ಬಂದದ್ದನ್ನೆಲ್ಲ ಖಾಲಿ ಕೋಣೆಗೆ ಕೇಳಿಸುವ ಹಾಗೆ ಬೈದಳು. ಆಮೇಲೆ ಎದ್ದು, ಎರಡು ಪಟ್ಟಿ ಬಗಲಲ್ಲಿ ಇಟ್ಟುಕೊಂಡು, ಬಿಸಿಲಲ್ಲಿ ಸ್ವೆಟರ್ ಬಿಚ್ಚುವುದನ್ನೂ ಮರೆತು ವರ್ಕ್‌ಶಾಪಿಗೆ ನಡೆದಳು.

ಗಂಡ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. "ಎಷ್ಟಿವೆ?"

"ಇಪ್ಪತ್ತೆರಡು."

"ಕೊಯ್ಯೋ ಮಿಷನ್ನೂ ಕೆಟ್ಟಿದೆ ಕಣೇ. ಕೈಗರಗಸದಲ್ಲೇ ಆಗಬೇಕು."

"ಇನ್ನೊಂದು ಗರಗಸ ಇದೆಯಾ?"

ಅವನು ಡ್ರಾಯರಿನಿಂದ ತೆಗೆದುಕೊಟ್ಟ. ಉಳಿದ ಪಟ್ಟಿಗಳನ್ನೂ ಹೊತ್ತು ತಂದು ಇಬ್ಬರೂ ಮೇಜಿನ ಆ ಕಡೆ ಈ ಕಡೆ ನಿಂತು ಕೊಯ್ದರು. ಸಂಜೆಯ ಬಸ್ಸು ಬರುವ ಹೊತ್ತಿಗೆ ಹನ್ನೆರಡು ಪಟ್ಟಿಗಳಾಗಿದ್ದವು, ಆರು ಯಂತ್ರಗಳಿಗೆ ಸಾಕು.